ಗಾಡಿ ಜ್ವರ ನೋಡೂ ಮಷೀನು

ನಮ್ಮ ಮನ್ಯಾಗ ಥರ್ಮಾಮೀಟರು, ಬಿ.ಪಿ. ನೋಡೂದು ಇಡೂ ಕಪಾಟಿನಾಗ ಈಗ ಇನ್ನೊಂದು ಮಷೀನ್ ಅದ. ಅಂಗೈಗಿಂತ ಜರಾ ದೊಡ್ಡದು, ಕರೇದು, ಅದಕ್ಕೊಂದು ವೈರು, ವೈರಿನ ತುದಿಗೆ ಎರಡು ಸಾಲು ಪಿನ್ನು. ಮನಿಗೆ ಬಂದವರು ನೋಡಿ ಕೇಳ್ತಾರ, "ಇದು ಶುಗರ್ ನೋಡೂದೇನ್ರಿ ಸಿಸ್ಟರ್?" ಅಂತ. ಅಲ್ರೀ, ಇದು ಗಾಡಿ ಜ್ವರ ನೋಡೂದು ಅಂತೀನಿ. ನಗ್ತಾರ. ನಗಲಿ ಬಿಡ್ರಿ. ಆ ಮಷೀನ್ ಇರಲಿಲ್ಲಂದ್ರ ನನ್ನ ಗಾಡಿ ಇವತ್ತು ಯಾರದೋ ಅಂಗಳದಾಗ ನಿಂತಿರ್ತಿತ್ತು, ನಾನು ಮಸ್ಕಿ ಬಸ್‌ಸ್ಟ್ಯಾಂಡಿನಾಗ ನಿಂತಿರ್ತಿದ್ದೆ.

ನಾನು ಲಿಂಗಸುಗೂರಿನ ಒಂದು ದವಾಖಾನ್ಯಾಗ ನರ್ಸು. ಮನಿ ಮಸ್ಕ್ಯಾಗ. ನನ್ನ ಗಂಡ ಪಾಮನಕಲ್ಲೂರಿನ ಸಾಲ್ಯಾಗ ಮಾಸ್ತರು, ಅವರ ದಾರಿನ ಬ್ಯಾರೆ. ನನಗ ಒಂದೊಂದು ವಾರ ಒಂದೊಂದು ಪಾಳಿ. ಬಸ್ಸು ಸಿಕ್ರ ಸೀಟಿಲ್ಲ, ಸೀಟು ಸಿಕ್ರ ಬಸ್ಸು ಹೊಂಡಂಗಿಲ್ಲ. ಎಷ್ಟು ವರ್ಷ ಹಂಗ ಓಡಾಡಿದೆ ಅಂದ್ರ, ಕಂಡಕ್ಟರು ಬದಲಿ ಆಗಿ ಹೋಗೂದು, ಮತ್ತ ಬದಲಿ ಆಗಿ ಬರೂದು ಎರಡೂ ನೋಡೀನಿ. ನಲವತ್ತು ದಾಟಿದ ಮ್ಯಾಲೆ ಹಠ ಹಿಡದು ಹಟ್ಟಿಗೆ, ನನ್ನ ತವರಿಗೆ ಹೋಗಿ, ಗಣಿಯಾಗ ಕೆಲಸ ಮಾಡೂ ತಮ್ಮನ್ನ ಬಾಜೂಕ ಕುಂದ್ರಿಸಿಕೊಂಡು, ಕಂಪನಿ ಮನಿಗಳ ಹಿಂದಿನ ಬಯಲಾಗ ಗಾಡಿ ಹೊಡಿಯೂದು ಕಲತೆ. ಅವ "ಅಕ್ಕಾ, ಬ್ರೇಕು! ಯಕ್ಕಾ, ಬ್ರೇಕು!" ಅಂತ ಗಂಟಲು ಹರಕೊಂಡ. ಆಮ್ಯಾಲೆ ಯಾರೋ ಹೊಡದು ಬಿಟ್ಟ ಒಂದು ಸಣ್ಣ ಪೆಟ್ರೋಲ್ ಕಾರು ತಗೊಂಡೆ. ನನ್ನ ಪಗಾರದಾಗ, ನನ್ನ ಹೆಸರಿಲೆ. ಪಾಳಿ ಮುಗದ ಕೂಡಲೆ ನನ್ನ ಪಾಡಿಗೆ ನಾ ಚಾವಿ ತಿರುವಿ ಮನಿಗೆ ಬರೂದದಲ್ಲ, ಅದರ ಖುಷಿ ನನಗ ಗೊತ್ತು.

ಒಂದಷ್ಟು ತಿಂಗಳು ಗಾಡಿ ಛಲೋ ಓಡ್ತು. ಆಮ್ಯಾಲೆ ಒಂದು ಮುಂಜಾನಿ ಚಾಲು ಮಾಡಿದ್ರ ಗಡಗಡ ನಡುಗ್ತು, ಮುಂದಿನ ಮೀಟರಿನಾಗ ಇಂಜಿನ್ ಆಕಾರದ್ದೊಂದು ಹಳದಿ ದೀಪ ಹತ್ತಿತು. ಗ್ಯಾರೇಜಿಗೆ ಒಯ್ದೆ. ಅಲ್ಲಿನ ಮೇಸ್ತ್ರಿ ಹಲಗಿಯಂಥ ದೊಡ್ಡ ಮಷೀನ್ ತಂದು ಸ್ಟೇರಿಂಗ್ ಕೆಳಗ ಹಚ್ಚಿ, ಎರಡು ಸಲ ಒತ್ತಿ, ದೀಪ ಆರಿಸಿ ಕೊಟ್ಟ. ಗಾಡಿ ಮತ್ತ ಬರೋಬ್ಬರಿ. ಕೆಲವು ವಾರ ಕಳದ ಮ್ಯಾಲೆ ಮತ್ತ ಅದ ನಡುಗು, ಅದ ದೀಪ. ಮತ್ತ ಗ್ಯಾರೇಜು. ಮುಂದಿನ ಸಲ ನಾ ಕೇಳಿದೆ, "ಏನು ತೋರಸಾಕತ್ತದ ಅಣ್ಣಾ ಅದರಾಗ? ನಂಬರ್ ಏನು ಬಂದದ?"

"ಅದು ನಿಮಗ ತಿಳಿಯಂಗಿಲ್ರಿ ಮೇಡಂ. ಹಳೇ ಗಾಡಿ ಅಂದ್ರ ಹಿಂಗ."

ತಿಳಿಯಂಗಿಲ್ಲಂತ! ನನಗ ಅಂಗಾಲಿನಿಂದ ನೆತ್ತಿಗೇರ್ತು ಸಿಟ್ಟು. ದವಾಖಾನ್ಯಾಗ ಓದಾಕ ಬರದ ಅಜ್ಜಿಗೂ ನಾವು "ಯವ್ವಾ, ಇಷ್ಟು ಜ್ವರ ಅದ, ಇದಕ್ಕ ಈ ಗುಳಿಗಿ" ಅಂತ ಹೇಳಿ ಕಳಸ್ತೀವಿ. ಇಲ್ಲಿ ನನ್ನ ಗಾಡಿ ಜ್ವರ ಎಷ್ಟದ ಅಂತ ನನಗ ಹೇಳಾಕ ಇವನಿಗೆ ಏನು ಕಷ್ಟ?

ಗ್ಯಾರೇಜಿನವನ ಮಾತು ಒಂದು ಕಡೆ ಇರಲಿ, ಮನ್ಯಾಗಿನ ಮಾತು ಇನ್ನೊಂದು ಕಡೆ ಬೆಳ್ಯಾಕತ್ತಿತ್ತು. ನನ್ನ ಗಂಡನ ಅಣ್ಣ, ಅಂದ್ರ ನಮ್ಮ ಭಾವಾರು, ಸಿಂಧನೂರಿನಾಗ ಗೊಬ್ಬರದ ಅಂಗಡಿ ಇಟ್ಟಾರ. ಮಾವಾರು ಹೋದ ಮ್ಯಾಲೆ ಈ ಮನಿಗೆ ಅವರ ಹಿರ್ಯಾರು. ಅಮಾಸಿಗೊಮ್ಮೆ ತಪ್ಪದ ಮಸ್ಕಿಗೆ ಬಂದು ತಮ್ಮ ಅವ್ವನ್ನ, ಅಂದ್ರ ನಮ್ಮ ಕೂಡ ಇರೂ ನಮ್ಮ ಅತ್ತೀನ್ನ, ಮಾತಾಡಿಸಿ, ನಮ್ಮ ಬೈಕು, ಕಾರು ಎರಡಕ್ಕೂ ಪೂಜಿ ಮಾಡಿ ಹೋಗ್ತಾರ. ಅವರಿಗೆ ಈ ದೀಪದ ಸುದ್ದಿ ಮುಟ್ಟಿತು. "ಇಷ್ಟು ಪೂಜಿ ಮಾಡಿದ್ರೂ ಆ ದೀಪ ಹೋಗವಲ್ದು ಅಂದ್ರ ಈ ಗಾಡಿ ನಮ್ಮ ಮನಿಗೆ ಆಗಿ ಬರಂಗಿಲ್ಲ ತಮ್ಮಾ. ಕೊಟ್ಟು ಬಿಡೂನು," ಅಂತ ನನ್ನ ಗಂಡನ ಮುಂದ ಅಂದ್ರು. ಗಿರಾಕಿನೂ ನೋಡಿ ಇಟ್ಟಿದ್ರು. ಕಾಲುವಿ ಕಡೆಯ ರೈತ, ಭತ್ತ ಮಾರಿದ ಮ್ಯಾಲೆ ಬಂದು ಗಾಡಿ ಒಯ್ತಾನಂತ.

ನನ್ನ ಗಂಡ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಅಣ್ಣನ ಮುಂದ ಅವರದು ಯಾವಾಗಲೂ ಹಂಗ. ನಾನು ಒಳಗ ರೊಟ್ಟಿ ಬಡಿಯಾಕತ್ತಿದ್ದೆ, ಎಲ್ಲಾ ಕೇಳಸ್ತು. ನನ್ನ ಹೆಸರಿಲೆ ಇರೂ ಗಾಡಿ ಬಗ್ಗೆ ಮನ್ಯಾಗಿನ ಎಲ್ಲಾರೂ ಮಾತಾಡಿದ್ರು, ನನ್ನ ಮಾತ್ರ ಯಾರೂ ಕೇಳಲಿಲ್ಲ. ಅವತ್ತಿನ ರೊಟ್ಟಿ ಎಲ್ಲಾ ಹರಕು ಮುರುಕ ಆದ್ವು.

ಅವತ್ತ ಠರಾಯಿಸಿದೆ: ನನ್ನ ಗಾಡಿಗೆ ಏನಾಗ್ಯದ ಅಂತ ನಾನ ನೋಡಬೇಕು, ಅದಕ್ಕ ನನ್ನದ ಒಂದು ಮಷೀನ್ ಬೇಕು.

ಮೊದಲ ಫೋನಿನಾಗ ಹುಡುಕಿದೆ. ಯಪ್ಪಾ, ಅದೊಂದು ದೊಡ್ಡ ಸಂತಿ! ಬೆಂಕಿಪೊಟ್ಟಣದಂಥ ಡಬ್ಬಿ ಅವ, ಗಾಡಿಗೆ ಹಚ್ಚಿದ್ರ ನಿಮ್ಮ ಫೋನಿಗೆ ಸುದ್ದಿ ಕಳಸ್ತಾವ, ತೀರಾ ಸೋವಿ. ಗ್ಯಾರೇಜಿನವನ ಕೈಯಾಗಿದ್ದಂಥ ಹಲಗಿನೂ ಅವ, ಏರ್‌ಬ್ಯಾಗು, ಬ್ರೇಕು, ಚಾವಿ ಎಲ್ಲಾನೂ ಮುಟ್ಟಿ ಮಾತಾಡಸ್ತಾವ, ಆದ್ರ ತುಟ್ಟಿ, ಮ್ಯಾಲೆ ವರ್ಷಾ ವರ್ಷಾ ಮತ್ತ ರೊಕ್ಕ ಕಟ್ಟಬೇಕು. ನಡುವ ನೂರಾ ಎಂಟು ತರಹದವು. ವಿಡಿಯೋದಾಗ ಒಬ್ಬ ಇದ ಬೆಸ್ಟ್ ಅಂತಾನ, ಇನ್ನೊಬ್ಬ ಅದನ್ನ ಕಸದ ಬುಟ್ಟಿಗೆ ಒಗೀರಿ ಅಂತಾನ. ನೋಡಿ ನೋಡಿ ತಲಿ ಗಿರ್ ಅಂತು. ಕಡೀಕ ಫೋನ್ ಬಾಜೂಕಿಟ್ಟು ನರ್ಸಿನಂಗ ವಿಚಾರ ಮಾಡಿದೆ. ಮನ್ಯಾಗ ಯಾರೂ ಎಕ್ಸ್‌ರೇ ಮಷೀನ್ ಇಡಂಗಿಲ್ಲ, ಥರ್ಮಾಮೀಟರ್ ಇಡ್ತಾರ. ವರ್ಷದಾಗ ನಾಕು ಸಲ ಬೇಕಾಗೂದು. ಆದ್ರ ಆ ನಾಕು ಸಲ ಅದು ಖರೇ ಹೇಳಬೇಕು.

ನಮ್ಮ ದವಾಖಾನಿ ಲ್ಯಾಬಿನಾಗ ಕೆಲಸ ಮಾಡೂ ಹುಡುಗಿ ಹತ್ರ ಆ ಬೆಂಕಿಪೊಟ್ಟಣದಂಥದ್ದು ಇತ್ತು. "ಒಯ್ದು ನೋಡ್ರಿ ಸಿಸ್ಟರ್, ನಮ್ಮ ಗಾಡಿಗೆ ಮಸ್ತ್ ನಡೀತದ," ಅಂತ ಕೊಟ್ಲು. ಮಧ್ಯಾಹ್ನ ಊಟದ ಹೊತ್ತಿನಾಗ ದವಾಖಾನಿ ಹಿಂದ ಬೇವಿನ ಗಿಡದ ಕೆಳಗ ಗಾಡಿ ನಿಲ್ಲಿಸಿ ಹಚ್ಚಿದೆ. ಫೋನಿಗೆ ಜೋಡಿ ಆತು, ಗಾಡಿಗೆ ಆಗಲಿಲ್ಲ. ತಿರುಗು ಮುರುಗು ಹಚ್ಚಿ ನೋಡಿದ್ರೂ ಗಾಡಿ ಮಾತ್ರ ಗಪ್‌ಚುಪ್. ಅಷ್ಟರಾಗ ವಾರ್ಡಿನಿಂದ ಫೋನ್ ಬಂತು, ಅದ ಫೋನಿಗೆ! ಒಂದು ಕೈಯಾಗ ಗಾಡಿ ನೋಡೂದೋ, ಪೇಶಂಟ್ ನೋಡೂದೋ? ಕಿತ್ತು ಆಕೀಗೆ ವಾಪಸ್ ಕೊಟ್ಟೆ. ಆಕಿ ಗಾಡಿಗೆ ಅದು ಛಲೋನ ಇರಬೇಕು, ನನ್ನ ಗಾಡಿ ಭಾಷೆ ಅದಕ್ಕ ಬರವಲ್ದು. ಹಿಂಗಾಗಿ ರೇಟು ಕೇಳೂಕಿಂತ ಮೊದಲ, ಇದು ನನ್ನ ಗಾಡಿಗೆ ನಡೀತದೇನು ಅಂತ ಕೇಳಬೇಕು ಅಂತ ತಿಳೀತು.

ಮತ್ತ ದೀಪ ಹತ್ತಿತು. ಈ ಸಲ ಗ್ಯಾರೇಜಿಗೆ ಹೋಗದ, ರಜಾ ದಿನ ನೋಡಿ ನಾನ ಗಾಡಿ ಹೊಡಕೊಂಡು ಸಿಂಧನೂರಿಗೆ ಹೋದೆ. ಅಲ್ಲಿ ಗಾಡಿ ಸಾಮಾನಿನ ಅಂಗಡಿ ಸಾಲು ಅದ. ಒಂದು ಅಂಗಡಿಯ ಮುಂದ ಗಾಡಿ ನಿಲ್ಲಿಸಿ ಒಳಗ ಹೋದೆ. ಅಂಗಡಿಯವ ನನ್ನ ಹಿಂದ ಯಾರರ ಗಂಡಸರು ಬರ್ತಾರೇನು ಅಂತ ಬಾಗಿಲ ಕಡೆ ನೋಡಿದ.

"ಯಾರೂ ಬರಂಗಿಲ್ಲಣ್ಣಾ, ನಾನ ಬಂದೀನಿ. ಗಾಡಿ ಚೆಕ್ ಮಾಡೂ ಮಷೀನ್ ತೋರಸ್ರಿ. ಫೋನ್ ಇಲ್ಲದ ನಡೀಬೇಕು, ವರ್ಷಾ ವರ್ಷಾ ರೊಕ್ಕ ಕೇಳಬಾರದು."

ಅವ ನಕ್ಕೋತ ಎರಡು ಡಬ್ಬಿ ಇಟ್ಟ. ಒಂದು ಬರೇ ನಂಬರ್ ತೋರಿಸಿ ದೀಪ ಆರಸ್ತದ. ಇನ್ನೊಂದು ಜರಾ ತುಟ್ಟಿ. "ಇದು ಏನು ಮಾಡ್ತದ ಹೆಚ್ಚಿಗೆ?" ಅಂದೆ.

"ಇದರಾಗ ಅಕ್ಕಾ, ದೀಪ ಹತ್ತಿದ ಟೈಮಿನಾಗ ಇಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಸ್ಪೀಡಿನಾಗ ಇತ್ತು, ಪೂರಾ ತೋರಸ್ತದ. ಗಾಡಿ ಚಾಲು ಇದ್ದಾಗ ಒಳಗ ಏನು ನಡದದ ಅದೂ ತೋರಸ್ತದ. ಮನಿ ಮಟ್ಟಿಗೆ ಇಷ್ಟೆಲ್ಲಾ ಬೇಕಾಗಂಗಿಲ್ರಿ ಖರೇ ಅಂದ್ರ."

ಬೇಕಾಗಂಗಿಲ್ಲ? ಜ್ವರ ಎಷ್ಟು ಅನ್ನೂದು ಎಷ್ಟು ಮುಖ್ಯನೋ, ಯಾವಾಗ ಬಂತು ಅನ್ನೂದೂ ಅಷ್ಟ ಮುಖ್ಯ. ಸಂಜಿಗೆ ಬರೂ ಜ್ವರ ಬ್ಯಾರೆ, ಚಳಿ ಹಿಡದು ಬರೂ ಜ್ವರ ಬ್ಯಾರೆ. "ಇದನ್ನ ಕೊಡ್ರಿ. ಆದ್ರ ಮೊದಲ ಹೊರಗ ನಿಂತ ನನ್ನ ಗಾಡಿಗೆ ಹಚ್ಚಿ ತೋರಸ್ರಿ," ಅಂದೆ.

"ಪ್ಯಾಕ್ ಒಡದ್ರ ವಾಪಸ್ ಆಗಂಗಿಲ್ಲಕ್ಕಾ."

"ಬಳಿ ಅಂಗಡ್ಯಾಗ ಕೈಗೆ ಏರಿಸಿ ನೋಡದ ಬಳಿ ತಗೋತಾರೇನಣ್ಣಾ? ನನ್ನ ಗಾಡಿ ಕೈಗೆ ಇದು ಏರ್ತದೋ ಇಲ್ಲೋ ನೋಡಬೇಕಲ್ಲ! ಏರಿದ್ರ ಇಲ್ಲೇ ರೊಕ್ಕ ಎಣಸ್ತೀನಿ."

ಬಾಜೂಕಿನ ಅಂಗಡಿಯವರೂ ಎದ್ದು ಬಂದ್ರು ತಮಾಷಾ ನೋಡಾಕ. ಅವ ಗಿರಾಕಿಗೆ ತೋರಿಸಾಕಂತ ಬಿಚ್ಚಿಟ್ಟಿದ್ದ ಪೀಸ್ ತಂದು ಹಚ್ಚಿದ. ಚಾವಿ ತಿರುವಿದೆ. ಒಂದು ಗಳಿಗಿ ಪರದೆ ಖಾಲಿ. ಆಮ್ಯಾಲೆ ಪಟ್ ಅಂತ ಅಕ್ಷರ ಮೂಡಿದ್ವು. ನನ್ನ ಗಾಡಿ ಮಾತಾಡ್ತು ನೋಡ್ರಿ! ಇಷ್ಟು ತಿಂಗಳು ನಿಮಗ ತಿಳಿಯಂಗಿಲ್ಲ ಅನಿಸಿಕೊಂಡ ಮಾತು: ಮೂರನೇ ಸಿಲಿಂಡರು, ಮಿಸ್‌ಫೈರ್. ಅಂದ್ರ ಆ ಒಂದು ಸಿಲಿಂಡರಿನಾಗ ಪೆಟ್ರೋಲ್ ಸರಿಯಾಗಿ ಉರಿಯವಲ್ದು. ಯಾವಾಗ ಅಂತ ನೋಡಿದ್ರ, ಇಂಜಿನ್ ಪೂರಾ ತಣ್ಣಗಿದ್ದಾಗ, ಗಾಡಿ ನಿಂತಲ್ಲೇ ಇದ್ದಾಗ. ಮುಂಜಾನಿ ಚಾಲು ಮಾಡಿದ ಕೂಡಲೆ ಅಂದಂಗಾತು. ನನಗ ಅಲ್ಲೇ ರೋಡಿನಾಗ ಕುಣೀಬೇಕು ಅನಿಸ್ತು. ರೊಕ್ಕ ಕೊಟ್ಟು, ಹೊಸ ಡಬ್ಬಿ ತಗೊಂಡು, ಮಸ್ಕಿ ತನಕಾ ಹಾಡಕೋತ ಬಂದೆ.

ಮನಿಗೆ ಬಂದು ದೀಪ ಆರಿಸಿದೆ. "ಈಗ ನೀನೂ ಮೇಸ್ತ್ರಿ ಆದೆಲ್ಲ," ಅಂತ ನನ್ನ ಗಂಡ ನಕ್ರು. ಆದ್ರ ಆರಿಸಿದ್ರ ಮುಗೀತೇನು? ಗುಳಿಗಿ ಕೊಟ್ರ ಜ್ವರ ಇಳೀತದ, ಜಡ್ಡು ಎಲ್ಲದ ಅಂತ ನೋಡಬೇಕಲ್ಲ. ಗಾಡಿ ಆಗಂತೂ ಮಲ್ಲಿಗಿ ಹೂವಿನಂಗ ಓಡಾಕತ್ತಿತ್ತು. ಮೂರನೇ ಸಿಲಿಂಡರ್ ಕಡೆ ಏನಾಗ್ತದ, ಅದೂ ಬರೇ ಕೆಲವು ಮುಂಜಾನಿ, ನನಗ ಹೊಳೀಲಿಲ್ಲ.

ಅಮಾಸಿ ಬಂತು. ಪ್ರತಿ ಸಲ ಭಾವಾರು ಬಂದಾಗ ನಾ ಪಾಳಿ ಮ್ಯಾಲೆ ಇರ್ತಿದ್ದೆ. ಪೂಜಿ ಅಂತ ಗಾಡಿ ಮನ್ಯಾಗ ಬಿಟ್ಟು ಅವತ್ತೊಂದು ದಿನ ಬಸ್ಸಿಗೆ ಹೋಗ್ತಿದ್ದೆ. ಈ ಸಲ ಅಮಾಸಿಗೆ ನನಗ ರಜಾ ಬಂತು. ಸಂಜಿ ಮುಂದ ಭಾವಾರು ಬಂದು, ಕೈಕಾಲು ತೊಳಕೊಂಡು, ಗಾಡಿ ಬಾನೆಟ್ ಎತ್ತಿ ನಿಲ್ಲಿಸಿದ್ರು. ಯಾಕ ಬಾನೆಟ್ ಅಂದ್ರ, ಗಾಡಿ ಜೀವ ಇಂಜಿನ್ನಿನಾಗ ಅದ, ಪೂಜಿ ಅದಕ್ಕ ಮುಟ್ಟಬೇಕಂತ. ಇಂಜಿನ್ನಿಗೆ ವಿಭೂತಿ, ಕುಂಕುಮ, ಚೆಂಡು ಹೂವು. ಊದಿನಕಡ್ಡಿ ಬೆಳಗಿದ್ರು. ಆಮ್ಯಾಲೆ ಟೆಂಗಿನಕಾಯಿ ಒಡದು, ಕೈಯಾಗಿನ ಹೋಳಿನ ನೀರು ಭಕ್ತಿಲೆ, ಒಂದು ಹನಿ ನೆಲಕ್ಕ ಬೀಳದಂಗ, ಇಂಜಿನ್ ಮ್ಯಾಲೆ ಸುರುವಿದ್ರು.

ನಾನು ಬಾಗಿಲಾಗ ನಿಂತಾಕಿ ಹಂಗ ನಿಂತೆ. ನೀರು ಹರದದ್ದು ಎಲ್ಲಿಗೆ? ಇಂಜಿನ್ನಿನ ಬಲಗಡೆ ತುದಿಗೆ. ಅಲ್ಲಿ ಇರೂದು ಏನು? ಅದ ಮೂರನೇ, ಕಡೇ ಸಿಲಿಂಡರು, ಅದರ ತಲಿ ಮ್ಯಾಲೆ ಕಿಡಿ ಹಚ್ಚೂ ಕಾಯಿಲು, ಕಾಯಿಲಿಗೆ ಕರೆಂಟಿನ ವೈರು. ಪ್ರಸಾದದ ಕೊಬ್ಬರಿ ತಿಂದು ಮುಂಜಾನಿ ಆಗೂದನ್ನ ಕಾದೆ. ಮೊದಲ ಖಾತ್ರಿ ಆಗಬೇಕು.

ಮರುದಿನ ಮುಂಜಾನಿ ಚಾವಿ ತಿರುವಿದೆ. ಗಡಗಡಗಡ! ಹಳದಿ ದೀಪ. ಮಷೀನ್ ಹಚ್ಚಿದೆ. ಅದ ಮೂರನೇ ಸಿಲಿಂಡರು, ಅದ ತಣ್ಣನ ಇಂಜಿನ್ನು. ಗಾಡಿ ಕೆಟ್ಟದ್ದಕ್ಕ ಇಷ್ಟು ಖುಷಿ ಪಟ್ಟಾಕಿ ನಾನೊಬ್ಬಾಕಿನ ಇರಬೇಕು. ಗಾಡಿ ಬಂದ್ ಮಾಡಿ, ಬ್ಯಾಟರಿ ವೈರ್ ಬಿಚ್ಚಿ, ಆ ಕಾಯಿಲಿನ ಜೋಡಣಿ ಕಿತ್ತು ನೋಡಿದ್ರ, ಒಳಗ ಹಸಿ ಹಸಿ, ತಾಮ್ರದ ತಂಬಿಗಿಗೆ ಹುಳಿ ಬಿದ್ದಾಗ ಬರೂ ಹಸರು ಕಿಲುಬು, ಮ್ಯಾಲೆ ಕುಂಕುಮ ಬ್ಯಾರೆ. ಗಾಯ ತೊಳಿಯೂದು ನನಗೇನು ಹೊಸದೇನು? ಹತ್ತಿ ಕಡ್ಡಿ, ಸ್ಪಿರಿಟ್ಟು ತಗೊಂಡು ಒಂದೊಂದು ಪಿನ್ನು ಉಜ್ಜಿ, ಒಣಗಿಸಿ, ಕೂಡಿಸಿದೆ. ಗಾಡಿ ಚಾಲು ಮಾಡಿದ್ರ ಸದ್ದೂ ಇಲ್ಲ, ನಡುಗೂ ಇಲ್ಲ. ದೀಪ ಆರಿಸಿದೆ. ಗಂಡನ್ನ ಕರದು ತೋರಿಸಿದೆ. ಅವರು ಹಣಿ ಹಣಿ ಬಡಕೊಂಡು ನಕ್ರು, "ಆದ್ರ ಅಣ್ಣಗ ಇದನ್ನ ಹೇಳಾವರು ಯಾರ?" ಅಂದ್ರು.

"ನಾನ ಹೇಳ್ತೀನಿ."

ಆ ಐತವಾರ ಭಾವಾರು ಗಾಡಿ ಮಾರೂ ಮಾತಿಗೆ ಮತ್ತ ಬಂದಾಗ ಚಹಾ ಕೊಟ್ಟು ನೆಟ್ಟಗ ಹೇಳಿದೆ. "ಭಾವಾರ, ಗಾಡಿ ಮನಿಗೆ ಆಗಿ ಬರಲಾರದ್ದಲ್ರಿ. ಟೆಂಗಿನಕಾಯಿ ನೀರು ಗಾಡಿಗೆ ಆಗಿ ಬರಲಾರದ್ದು."

ಅವರ ಮುಖ ಕೆಂಪಾತು. "ಅಂದ್ರ? ನಾ ಮಾಡಿದ ಪೂಜಿಲೆ ಗಾಡಿ ಕೆಡ್ತೇನವ್ವಾ? ದೇವರ ನೀರು ಕೆಡಕು ಮಾಡ್ತಾವೇನು?"

ಅವರಿಗೆ ನೋವಾತು ಅಂತ ಕಂಡು ನನಗೂ ಕಸಿವಿಸಿ ಆತು. ಒಳ್ಳೇದಾಗಲಿ ಅಂತಾನ ಮಾಡ್ಯಾರ ಪಾಪ. ನಾ ಬಾಯಿ ತೆಗಿಯೂಕಿಂತ ಮೊದಲ, ಮೂಲ್ಯಾಗ ಎಲಿ ಅಡಿಕಿ ಜಗಿಯಾಕತ್ತಿದ್ದ ನಮ್ಮ ಅತ್ತಿ ಅಂದ್ರು, "ಅಲ್ಲಲೇ, ದೇವರ ತೀರ್ಥ ಅಂದ್ರ ಬಾಯಾಗ ಹಾಕ್ಕೋತೀಯೋ, ಕಿವ್ಯಾಗ ಹಾಕ್ಕೋತೀಯೋ? ಎಲ್ಲಿ ಹಾಕಬೇಕೋ ಅಲ್ಲಿ ಹಾಕು. ಗಾಲಿ ಮುಂದ ಕಾಯಿ ಒಡಿ. ಆಗಂಗಿಲ್ಲಂತ ಯಾವ ದೇವರು ಅಂದಾನ?"

ನನ್ನ ಗಂಡಗ ನಗು ತಡಕೊಳ್ಳಾಕ ಆಗದ ಚಹಾ ಮೂಗಿಗೇರ್ತು. ಭಾವಾರು ನಗಲಿಲ್ಲ. ಚಹಾದ ಕಪ್ಪು ಕೆಳಗಿಟ್ಟು ಅಂದ್ರು, "ಆತು. ಮುಂದಿನ ಅಮಾಸಿಗೆ ಗಾಲಿ ಮುಂದ ಒಡೀತೀನಿ. ಮರುದಿನ ಆ ಗಿರಾಕೀನ ಕರ್ಕೊಂಡು ಬರ್ತೀನಿ. ದೀಪ ಹತ್ತಿತಂದ್ರ ಗಾಡಿ ಅವನ ಕೂಡ ಹೋಗ್ತದ. ಆಮ್ಯಾಲೆ ಯಾರೂ ಮಾತಾಡಬಾರದು."

ಆ ತಿಂಗಳು ಹೆಂಗ ಕಳದೆ ನನಗ ಗೊತ್ತು. ಹಳೇ ಗಾಡಿ, ಬ್ಯಾರೆ ಯಾವುದಕ್ಕರ ದೀಪ ಹತ್ತಿದ್ರ? ದಿನಾ ಮುಂಜಾನಿ ಮಷೀನ್ ಹಚ್ಚಿ ನೋಡ್ತಿದ್ದೆ. "ದಿನಾ ಬಿ.ಪಿ. ನೋಡಿದ್ರ ಬಿ.ಪಿ. ಏರ್ತದ ಅಂತ ನೀನ ಅಂತಿರ್ತಿ," ಅಂತ ಗಂಡ ಕಾಡಿಸ್ತಿದ್ರು. ಹಂಗ ದಿನಾ ತಿರುವಿ ತಿರುವಿ ಆ ಮಷೀನ್ ಒಳಗಿನ ಮೂಲಿ ಮೂಲಿ ನನಗ ಬಾಯಿಪಾಠ ಆದ್ವು. ಲಿಂಗಸುಗೂರು, ಮಸ್ಕಿ, ಹಟ್ಟಿ, ಸಿಂಧನೂರು, ಗಾಡಿ ಎಲ್ಲಾ ಕಡೆ ಓಡ್ತು. ದೀಪ ಹತ್ತಲಿಲ್ಲ.

ಅಮಾಸಿ ಸಂಜಿ ಭಾವಾರು ಮಾತಿನಂಗ ಬಾನೆಟ್ ಮುಟ್ಟದ, ಗಾಲಿ ಮುಂದ ಕಾಯಿ ಒಡದ್ರು. ರಾತ್ರಿ ನಮ್ಮಲ್ಲೇ ಉಳದ್ರು. ಮುಂಜಾನಿ ಗಿರಾಕಿ ಬಂದ, ತೆಲುಗು ಬೆರಕಿ ಕನ್ನಡದ, ಬಿಳೇ ಅಂಗಿಯ ಮನುಷ್ಯ. ಅತ್ತಿ ಕಟ್ಟಿ ಮ್ಯಾಲೆ ಬಂದು ಕುಂತ್ರು. ನಾ ಗಾಡ್ಯಾಗ ಕುಂತು ಚಾವಿ ತಿರುವಿದೆ.

"ಹತ್ತಿತು ನೋಡು!" ಅಂತ ಭಾವಾರು ಕೂಗಿದ್ರು.

ನಾನು ಬಗ್ಗಿ ಮೀಟರ್ ನೋಡಿದೆ. ಆಮ್ಯಾಲೆ ನಗು ಬಂತು. "ಭಾವಾರ, ಬರೇ ಚಾವಿ ತಿರುವಿದ್ರ ಎಲ್ಲಾ ದೀಪನೂ ಹತ್ತತಾವ್ರಿ. ಚಾಲು ಮಾಡಿದ ಮ್ಯಾಲೆ ನೋಡ್ರಿ." ಚಾಲು ಮಾಡಿದೆ. ಒಂದ ಹೊಡ್ತಕ್ಕ ಇಂಜಿನ್ ಹಿಡೀತು. ದೀಪ ಎಲ್ಲಾ ಆರಿದ್ವು. ಹಳದಿ ಇಲ್ಲ.

ಗಿರಾಕಿ ಮೀಸಿ ಮ್ಯಾಲೆ ಕೈ ಆಡಿಸಿದ. "ಈಗ ಆರಿಸಿ ಇಟ್ಟಿರ್ತಾರಲ್ರಿ ಅಣ್ಣಾ. ಮಷೀನ್ ಇವರ ಕೈಯಾಗ ಅದ." ಭಾವಾರು ನನ್ನ ಕಡೆ ನೋಡಿದ್ರು. ಅವರ ಕಣ್ಣಿನಾಗೂ ಅದ ಪ್ರಶ್ನೆ.

ನನಗ ಉರೀತು. ಆದ್ರ ಈ ಸಲ ಸಿಟ್ಟಿಗಿಂತ ಮುಂದ ಉತ್ತರ ಇತ್ತು. ಮಷೀನ್ ಹಚ್ಚಿ ಭಾವಾರ ಕೈಯಾಗ ಕೊಟ್ಟೆ. "ನೀವ ಒತ್ರಿ. ಮೊದಲ ಅದು." ದೋಷ ಏನೂ ಇಲ್ಲ ಅಂತ ಬಂತು. "ಈಗ ಕೆಳಗ ಹೋಗ್ರಿ, ಇನ್ನೂ ಕೆಳಗ. ಹಾಂ, ಇಲ್ಲಿ. ಕಡೇ ಸಲ ದೀಪ ಆರಿಸಿದ ಮ್ಯಾಲೆ ಗಾಡಿ ಎಷ್ಟು ಓಡ್ಯದ ಅಂತ ಇಲ್ಲಿ ಬರ್ತದ. ಈಗ ಆರಿಸಿದ್ರ ಸೊನ್ನಿ ಇರಬೇಕು. ಓದ್ರಿ ಜೋರಾಗಿ."

ಭಾವಾರು ಕನ್ನಡಕ ಏರಿಸಿ, ಸಾವಿರದ ಮ್ಯಾಲಿದ್ದ ಆ ಕಿಲೋಮೀಟರು ಓದಿದ್ರು. ಮತ್ತೊಮ್ಮೆ ಮನಸಿನಾಗ ಓದಿದ್ರು. ಒಂದು ತಿಂಗಳ ನನ್ನ ಪಾಳಿ, ನನ್ನ ತವರು, ನನ್ನ ರಸ್ತೆ ಎಲ್ಲಾ ಆ ಸಣ್ಣ ಪರದ್ಯಾಗ ಇತ್ತು. ಗಿರಾಕಿಗೂ ಗಾಡಿ ಈಗ ಖರೇನ ಮನಸಿಗೆ ಬಂತು ಕಾಣಸ್ತದ. ಬಾಗಿಲು ತೆಗದು ಹಾಕಿ ನೋಡಿದ, ಗಾಲಿ ಒದ್ದು ನೋಡಿದ. "ಗಾಡಿ ಮಸ್ತ್ ಉಂದಿ ಅಣ್ಣಾ. ಮೊದಲಿನಕಿಂತ ಹೆಚ್ಚು ಕೊಡ್ತೀನಿ. ಮಾತು ಮುಗಿಸಿಬಿಡ್ರಿ," ಅಂದ.

ಭಾವಾರು ಮಷೀನಿನ ವೈರು ಬಿಚ್ಚಿ, ಮೆಲ್ಲಕ ಸುತ್ತಿ, ನನ್ನ ಕೈಯಾಗಿಟ್ರು. ಆಮ್ಯಾಲೆ ಅವನ ಕಡೆ ತಿರುಗಿ ಅಂದ್ರು, "ನನ್ನೇನು ಕೇಳ್ತಿಯಪ್ಪಾ? ಗಾಡಿ ಆಕೀದು. ಆಕೀನ್ನ ಕೇಳು."

ಅವ ನನ್ನ ಕಡೆ ತಿರುಗಿದ. ನನ್ನ ಗಂಡ, ಅತ್ತಿ, ಭಾವಾರು, ಎಲ್ಲಾರೂ ನನ್ನ ಮಾತಿಗೆ ಕಾಯಾಕತ್ತಿದ್ರು.

"ಕೊಡಂಗಿಲ್ಲ," ಅಂದೆ.

ಅನ್ನಾಕ ಎಷ್ಟು ಛಲೋ ಅನಿಸ್ತು ಅಂದ್ರ, ಯಾರೂ ಕೇಳದಿದ್ರೂ ಇನ್ನೊಮ್ಮೆ ಅಂದೆ.